ಒಗೆಯುವ ಯಂತ್ರಕ್ಕೆ ಗಿರಣಿಯ ಪಟ್ಟಾ

ಹೋದ ತಿಂಗಳು ಬೈಲಹೊಂಗಲದಿಂದ ಈರಣ್ಣ ಫೋನು ಮಾಡಿ, ತನ್ನ ಅಪ್ಪ ಹೋದರೆಂದು ತಿಳಿಸಿದ. ಅಯ್ಯೋ ಅಂದೆ, ಹೇಗಾಯಿತು ಅಂದೆ, ಇಂಥ ಹೊತ್ತಿನಲ್ಲಿ ಅನ್ನಬೇಕಾದ್ದನ್ನೆಲ್ಲ ಅಂದು ಫೋನು ಇಟ್ಟೆ. ಇಟ್ಟು ಅಡುಗೆಮನೆಗೆ ಹೋಗಿ ಹಾಲಿನ ಪಾತ್ರೆಯ ಮುಂದೆ ನಿಂತವಳಿಗೆ ನಗು ಬಂದುಬಿಟ್ಟಿತು. ಸಾವಿನ ಸುದ್ದಿ ಕೇಳಿ ನಗುವ ಪೈಕಿ ಅಲ್ಲ ನಾನು. ಆದರೆ ಆ ಮನುಷ್ಯ ನೆನಪಾದರೆ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಸಿಟ್ಟು ಬರುತ್ತದೆ, ಉಳಿದದ್ದು ಬರುವುದು ಅದಾದ ಮೇಲೆ. ಹಾಲು ಉಕ್ಕಿ ಒಲೆಯೆಲ್ಲ ಹೊಲಸಾದಾಗ ಅಳು ಬಂತು.

ಬೈಲಹೊಂಗಲದ ಶಾಲೆಯಲ್ಲಿ ನಾನು ಕಲಿಸುತ್ತಿದ್ದ ಕಾಲ, ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ಬಾಡಿಗೆಗಿದ್ದ ಮನೆಯ ಎದುರಿಗೇ ಅವರ ಮನೆ. ಹೆಸರು ಬರೆಯುವುದಿಲ್ಲ. ಬರೆದರೂ ನಮ್ಮ ಓಣಿಯವರಿಗೆ ಯಾರೆಂದು ಹೊಳೆಯಲಿಕ್ಕಿಲ್ಲ. ಅಂಚೆಯವನಿಗೆ ಸಹ ಅವರು ಗಿರಣಿ ಕಾಕಾ ಎಂದೇ ಗೊತ್ತು. ಹಿಟ್ಟಿನ ಗಿರಣಿ ನಡೆಸುತ್ತಲೇ ತಲೆ ಬೆಳ್ಳಗಾದವರು. ಅದು ವಯಸ್ಸಿನಿಂದ ಬೆಳ್ಳಗಾದದ್ದೋ ಹಿಟ್ಟಿನಿಂದಲೋ ಎಂಬ ಚರ್ಚೆ ಓಣಿಯಲ್ಲಿ ಬಹಳ ದಿನ ನಡೆದಿತ್ತು. ಗಿರಣಿ ಮುಚ್ಚಿ ವರ್ಷ ಕಳೆದರೂ ಬೆಳ್ಳಗೇ ಉಳಿದದ್ದರಿಂದ ವಯಸ್ಸೇ ಇರಬೇಕೆಂದು ತೀರ್ಮಾನವಾಯಿತು.

ಗಿರಣಿ ಮುಚ್ಚಿದ್ದು ಬಸ್ ಸ್ಟ್ಯಾಂಡಿನ ಕಡೆ ಹೊಸ ನಮೂನೆಯ ಸಣ್ಣ ಗಿರಣಿಗಳು ಬಂದದ್ದರಿಂದ. ಮಗ ಈರಣ್ಣ ಆ ಜಾಗದಲ್ಲಿ ಎಸ್‌ಟಿಡಿ ಬೂತು ಹಾಕಿದ. ಬೀಸುವ ಕಲ್ಲು, ಮೋಟರು ಎಲ್ಲ ಗುಜರಿಗೆ ಹೋದವು. ಕಾಕಾ ಎರಡೇ ಎರಡನ್ನು ಬಿಟ್ಟುಕೊಡಲಿಲ್ಲ: ರಿಪೇರಿಯ ಸಾಮಾನು ತುಂಬಿದ ತಮ್ಮ ಹತ್ಯಾರದ ಪೆಟ್ಟಿಗೆ ಮತ್ತು ಗಿರಣಿಯ ಪಟ್ಟಾ. ಪಟ್ಟಾ ಎಂದರೆ ಮೋಟರಿನ ತಿರುಗುವಿಕೆಯನ್ನು ಕಲ್ಲಿಗೆ ಮುಟ್ಟಿಸುವ ಬೆಲ್ಟು; ಅಂಗೈ ಅಗಲದ್ದು, ರಬ್ಬರು ಕೂಡಿದ ಕ್ಯಾನ್ವಾಸಿನದು. ಅದನ್ನು ಸುರುಳಿ ಸುತ್ತಿ ಪಡಸಾಲೆಯ ಗೂಟಕ್ಕೆ ತೂಗುಹಾಕಿದ್ದರು. ದಿನಾ ಲಿಂಗಪೂಜೆ ಮುಗಿಸಿ ಹೊರಗೆ ಬಂದಾಗ ಬೆರಳಲ್ಲಿ ಉಳಿದ ವಿಭೂತಿಯನ್ನು ಅದಕ್ಕೂ ಒಂದಿಷ್ಟು ಒರೆಸುತ್ತಿದ್ದರು. ಹೆಂಡತಿ ಹೋದ ಮೇಲೆ ಮನೆಯಲ್ಲಿ ಅವರ ಮಾತು ಕೇಳುವುದು ಅದೊಂದೇ ಎಂದು ಸೊಸೆ ಮಹಾದೇವಿ ನಗುತ್ತಿದ್ದಳು.

ಕಾಕಾನ ಲೆಕ್ಕದಲ್ಲಿ ಲೋಕವೆಲ್ಲ ಪಟ್ಟಾದ ಮೇಲೆ ನಡೆಯುವಂಥದು. ಗಂಡ ಹೆಂಡತಿ ಜಗಳಾಡಿದರೆ ಪಟ್ಟಾ ಸಡಿಲಾಗಿದೆ ಎನ್ನುತ್ತಿದ್ದರು. ಹುಡುಗರು ಪರೀಕ್ಷೆಯಲ್ಲಿ ಬಿದ್ದರೆ ಪಟ್ಟಾ ಬಿಗಿಯಾಗಿದೆ, ಸ್ವಲ್ಪ ಇಳಿಸಿ ಅನ್ನುತ್ತಿದ್ದರು. ನನ್ನ ಗಂಡನಿಗೆ ಆಗ ರಾಮದುರ್ಗದಲ್ಲಿ ನೌಕರಿ, ಮನೆಗೆ ಬರುವುದು ಶನಿವಾರ. ಅದಕ್ಕೂ ಅವರ ಹತ್ತಿರ ರೋಗನಿದಾನವಿತ್ತು. ರಾಮದುರ್ಗದಿಂದ ಬೈಲಹೊಂಗಲಕ್ಕೆ ಪಟ್ಟಾ ಉದ್ದವಾಯಿತು, ನಡುವೆ ಜೋತುಬೀಳುತ್ತದೆ, ಹುಷಾರಾಗಿರಿ ಎಂದು ನನ್ನ ಗಂಡನ ಎದುರಿಗೇ ನನಗೆ ಹೇಳಿದರು. ಜೋತುಬಿದ್ದದ್ದು ತಾವೋ ನಾನೋ ಎಂದು ಕೇಳುವ ಧೈರ್ಯ ನನ್ನ ಗಂಡನಿಗೆ ಬರಲಿಲ್ಲ.

ಪಟ್ಟಾ ಜಾರಿದರೆ ಗಿರಣಿಯವರು ಅದಕ್ಕೆ ರಾಳದ ಪುಡಿ ಹಾಕುತ್ತಾರೆ, ಹಿಡಿತ ಬರಲೆಂದು. ಗಿರಣಿ ಹೋದರೂ ಕಾಕಾನ ಅಂಗಿಯ ಕಿಸೆಯಲ್ಲಿ ನಶ್ಯದ ಡಬ್ಬಿ ತುಂಬ ರಾಳ ಉಳಿದಿತ್ತು. ಜಾರುವುದು ಯಾವುದು ಕಂಡರೂ ಅದರ ಮೇಲೆ ಒಂದು ಚಿಟಿಕೆ. ಒಂದು ಮಳೆಗಾಲ ನಮ್ಮ ಓಣಿಯ ಗುಡಿಯ ಮೆಟ್ಟಿಲ ಮೇಲೆ ಪಾಚಿಗಟ್ಟಿದ್ದನ್ನು ನೋಡಿ, ಭಕ್ತರು ಬೀಳಬಾರದೆಂದು ಅಲ್ಲೆಲ್ಲ ರಾಳ ಉದುರಿಸಿದರು. ಯಾರೂ ಬೀಳಲಿಲ್ಲ ನಿಜ. ಆದರೆ ಬಿಸಿಲು ಬಿದ್ದ ಕೂಡಲೇ ರಾಳ ಕರಗಿ, ಪೂಜೆಯ ಅಯ್ಯನವರು ಮುಂದೆ ಹೋದರೂ ಅವರ ಚಪ್ಪಲಿ ಮೆಟ್ಟಿಲಲ್ಲೇ ಉಳಿಯಿತು.

ಅದೇ ಗುಡಿಗೆ ಯಾರೋ ಭಕ್ತರು ಕರೆಂಟಿನ ನಗಾರಿ ಕೊಟ್ಟಿದ್ದರು. ಬಟನ್ ಒತ್ತಿದರೆ ನಗಾರಿ, ಜಾಗಟೆ, ಗಂಟೆ ಎಲ್ಲ ತಾವಾಗಿಯೇ ಬಾರಿಸಿಕೊಳ್ಳುವ ಪೆಟ್ಟಿಗೆ. ಅದರ ಬೆಲ್ಟು ಜಾರುತ್ತದೆಂದು ಕಾಕಾ ಅದನ್ನು ಬಿಚ್ಚಿದರು, ಬೆಲ್ಟನ್ನು ಮೋಟರಿನ ಸಣ್ಣ ಗಾಲಿಯಿಂದ ದೊಡ್ಡ ಗಾಲಿಗೆ ಹಾಕಿದರು. ಆ ಸಂಜೆಯ ಮಂಗಳಾರತಿಗೆ ನಗಾರಿ ಎಂಥ ಓಟ ಕಿತ್ತಿತೆಂದರೆ, ಅದರ ತಾಳಕ್ಕೆ ಆರತಿ ಬೆಳಗಲು ಹೋದ ಅಯ್ಯನವರ ಕೈಯಿಂದ ಹಲಗಾರತಿಯ ಬತ್ತಿಗಳೆಲ್ಲ ಆರಿಹೋದವು. ನಿಲ್ಲಿಸಲು ಹೋದ ಕಾಕಾ ಸ್ಟೂಲಿನಿಂದ ಬಿದ್ದು ಸೊಂಟ ಉಳುಕಿಸಿಕೊಂಡರು. ಜನ ನಕ್ಕರು. ಈರಣ್ಣ ನಗಲಿಲ್ಲ. ಅಪ್ಪನನ್ನು ಹೊತ್ತು ಮನೆಗೆ ತಂದ ದಿನವೇ ಹತ್ಯಾರದ ಪೆಟ್ಟಿಗೆಗೆ ಬೀಗ ಜಡಿದು, ಕೀಲಿಕೈಯನ್ನು ಹೆಂಡತಿಯ ಸೊಂಟಕ್ಕೆ ಸಿಕ್ಕಿಸಿದ. ಇನ್ನು ಮುಂದೆ ಅಪ್ಪ ಹಿರಿಯರ ಹಾಗೆ ಬೂತಿನ ಕುರ್ಚಿಯ ಮೇಲೆ ಕುಳಿತು ಬಂದವರಿಗೆ ನಂಬರು ಹಚ್ಚಿಕೊಡಬೇಕು, ನಟ್ಟು ಬಿಗಿಯುವ ಪಾನಾ ಮುಟ್ಟಬಾರದು ಎಂದು ಕಡ್ಡಿ ಮುರಿದಂತೆ ಹೇಳಿದ. ಕಾಕಾ ಕುಳಿತರು. ಫೋನು ಹತ್ತದಿದ್ದರೆ ಅದಕ್ಕೂ ರಾಳ ಹಾಕಲು ನೋಡಿದರಂತೆ.

ಇಂಥ ಹೊತ್ತಿಗೆ ನಮ್ಮ ಮನೆಯ ಯಂತ್ರ ಕೆಟ್ಟಿತು.

ಆ ಯಂತ್ರದ ಕತೆಯನ್ನೂ ಹೇಳಬೇಕು. ಸವದತ್ತಿಯ ಕಡೆ ಆಣೆಕಟ್ಟಿನ ಕಾಲನಿಯಲ್ಲಿದ್ದ ಒಬ್ಬ ಇಂಜಿನಿಯರು ನಿವೃತ್ತರಾಗಿ ಮನೆ ಖಾಲಿ ಮಾಡುವಾಗ, ಬಟ್ಟೆ ಒಗೆಯುವ ಹಳೆಯ ಯಂತ್ರವೊಂದನ್ನು ನನ್ನ ಗಂಡನ ತಲೆಗೆ ಕಟ್ಟಿದ್ದರು. ಪರದೇಶದ್ದು, ನಮ್ಮ ಮದುವೆಗಿಂತ ಹಳೆಯದು. ಬಿಳಿ ಬಣ್ಣದ ದುಂಡನೆಯ ಹಂಡೆಗೆ ನಾಲ್ಕು ಕಾಲು. ಹಂಡೆಯ ಕೆಳಗೆ ಮೋಟರು, ಮೋಟರಿನಿಂದ ಒಂದು ಬೆಲ್ಟು. ಬೆಲ್ಟು ತಿರುಗಿದರೆ ಒಳಗಿನ ರೆಕ್ಕೆ ಬಟ್ಟೆಯನ್ನು ಅತ್ತಿತ್ತ ಕುಲುಕುತ್ತದೆ. ಹಂಡೆಯ ಬಾಯಿಯ ಮೇಲೆ ಒಂದರ ಮೇಲೊಂದು ಕುಳಿತ ಎರಡು ರಬ್ಬರಿನ ಉರುಳೆಗಳೂ ತಿರುಗುತ್ತವೆ. ಒದ್ದೆ ಬಟ್ಟೆಯ ತುದಿಯನ್ನು ಆ ಉರುಳೆಗಳ ನಡುವೆ ತುರುಕಿದರೆ ಎಳೆದುಕೊಂಡು, ಹಿಂಡಿ, ಆಚೆ ಬೀಳಿಸುತ್ತವೆ. ಓಣಿಯ ಹೆಂಗಸರೆಲ್ಲ ಅದನ್ನು ನೋಡಲು ಬಂದಿದ್ದರು. ಒಬ್ಬಾಕೆ ಇದರಲ್ಲಿ ಶಾವಿಗೆ ಒತ್ತಬಹುದೇ ಎಂದು ಕೇಳಿದ್ದಳು.

ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಅದರ ಬೆಲ್ಟು ಹರಿಯಿತು. ನಮ್ಮ ಕಡೆ ನವರಾತ್ರಿಯ ಮೊದಲ ದಿನ ದೇವರ ಮುಂದೆ ಘಟ್ಟ ಹಾಕುವುದರೊಳಗೆ ಮನೆಯ ಹಾಸಿಗೆ ಹೊದಿಕೆ ಎಲ್ಲ ತೊಳೆದಾಗಬೇಕು. ಅದರಲ್ಲೂ ಕೌದಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ನೀರು ಕುಡಿದರೆ ಎಮ್ಮೆಯ ಕರುವನ್ನು ಎತ್ತಿದ ಹಾಗೆ. ಪ್ರತಿ ವರ್ಷ ಹೆಂಗಸರು ಟೆಂಪೋ ಮಾಡಿಕೊಂಡು ಮಲಪ್ರಭೆಗೆ ಹೋಗಿ, ದಿನವಿಡೀ ಕುಕ್ಕಿ ತೊಳೆದು, ನಡು ಹಿಡಿದುಕೊಂಡು ಬರುವುದು. ಈ ವರ್ಷ ಯಂತ್ರವಿದೆ, ಹೊಳೆಗೆ ಹೋಗುವುದು ಬೇಡ ಎಂದು ನಾನೇ ದೊಡ್ಡದಾಗಿ ಸಾರಿಬಿಟ್ಟಿದ್ದೆ. ಬೆಳಗಾವಿಯಲ್ಲಿ ವಿಚಾರಿಸಿದೆವು, ಹುಬ್ಬಳ್ಳಿಯಲ್ಲಿ ವಿಚಾರಿಸಿದೆವು. ಅಂಥ ಬೆಲ್ಟನ್ನು ಕಂಡವರೇ ಇರಲಿಲ್ಲ.

ಸುದ್ದಿ ಬೂತಿನ ಕುರ್ಚಿಗೆ ಮುಟ್ಟಿತು. ಕಾಕಾ ಬಂದವರೇ ಯಂತ್ರದ ಕೆಳಗೆ ತಲೆ ಹಾಕಿ ಬಹಳ ಹೊತ್ತು ನೋಡಿದರು. ಎದ್ದಾಗ ಅವರ ಮುಖದಲ್ಲಿ ಹೊಸ ಮದುಮಗನ ಕಳೆ ಇತ್ತು. ಹಿಂದೆಯೇ ಈರಣ್ಣ ಬಂದ. ಅಪ್ಪ ಮಗನ ನಡುವೆ ನಮ್ಮ ಹಿತ್ತಲಲ್ಲೇ ಜಗಳ ಹತ್ತಿತು. ಖಂಡೇನವಮಿಗೆ ನಾನು ಯಾತಕ್ಕೆ ಪೂಜೆ ಮಾಡಲಿ, ಪೆಟ್ಟಿಗೆಗೆ ಬೀಗ ಹಾಕಿದ್ದೀಯಲ್ಲ ಎಂದು ಕಾಕಾ ಕೇಳಿದರು. ಆ ದಿನ ಎಲ್ಲರೂ ಅವರವರ ಹತ್ಯಾರ ತೊಳೆದು ಪೂಜಿಸುವ ದಿನ. ಅವರು ಬುದ್ಧಿ ಬಂದಾಗಿನಿಂದ ಆ ಪೂಜೆ ತಪ್ಪಿಸಿದವರಲ್ಲ. ಈ ವರ್ಷ ಫೋನಿಗೆ ಪೂಜೆ ಮಾಡೋಣ ಎಂದ ಈರಣ್ಣ. ಕಾಕಾ ಯಂತ್ರದ ಹಂಡೆಯ ಮೇಲೆ ಅಂಗೈ ಇಟ್ಟು ನನ್ನ ಕಡೆ ತಿರುಗಿದರು.

"ಅಕ್ಕೋರ ಸಾಕ್ಷಿ," ಅಂದರು ಕಾಕಾ. "ಈ ಮಿಷನ್ ನಾ ತಿರಗಿಸಿ, ಮನಿ ಕೌದಿ ಎಲ್ಲಾ ಘಟ್ಟದೊಳಗ ತೊಳದ್ರ ನನ್ನ ಕೀಲಿಕೈ ನನಗ. ಇಲ್ಲಂದ್ರ ನಿನ್ನ ಫೋನಿನ ಮುಂದ ಊದಬತ್ತಿ ಹಚ್ಚಿ ಕುಂಡ್ರತೇನಿ, ಸಾಯೂತನಕ."

"ಖಂಡೇನವಮಿತನಕ ತಿರಗಬೇಕು ಮತ್ತ," ಅಂದ ಈರಣ್ಣ. "ನಡುವ ನಿಂತ್ರ ಕೀಲಿಕೈ ವಾಪಸ್."

ಹೀಗೆ ನನ್ನ ಯಂತ್ರದ ಮೇಲೆ ನನ್ನನ್ನು ಕೇಳದೆ ಪಣ ಕಟ್ಟಿದರು. ಹತ್ಯಾರ ಪೆಟ್ಟಿಗೆಯೊಳಗೇ ಇದ್ದದ್ದರಿಂದ ನಮ್ಮ ಮನೆಯ ಇಕ್ಕಳ, ಸೌತೆಕಾಯಿ ಹೆಚ್ಚುವ ಚಾಕು ಮತ್ತು ನನ್ನ ಹೊಲಿಗೆಯ ಕತ್ತರಿಯಿಂದಲೇ ಕೆಲಸ ಸುರುವಾಯಿತು.

ಮೊದಲು ಕಿತ್ತೂರಿಗೆ ಹೋದರು. ಅಲ್ಲಿ ಅವರ ಹಳೆಯ ಗಿರಣಿಯ ಸ್ನೇಹಿತರೊಬ್ಬರ ಹತ್ತಿರ ತೆಳ್ಳನೆಯ ಪಟ್ಟಾ ಇತ್ತು, ಅದಕ್ಕಾಗಿ. ಸಂಜೆ ಬಸ್ಸಿನಿಂದ ಇಳಿದಾಗ ಕೈ ಖಾಲಿ. ಸ್ನೇಹಿತ ಎಂದೋ ಆ ಪಟ್ಟಾ ಕತ್ತರಿಸಿ ಚಪ್ಪಲಿಗೆ ಅಟ್ಟೆ ಹೊಲಿಸಿಬಿಟ್ಟಿದ್ದರಂತೆ. ಬರಿಗೈಯಲ್ಲಿ ಕಳಿಸಬಾರದೆಂದು ಒಂದು ಜೊತೆ ಇವರಿಗೂ ಕೊಟ್ಟಿದ್ದರು. ಕಾಕಾ ಪಟ್ಟಾ ತರಲಿಲ್ಲ, ಅದನ್ನು ಮೆಟ್ಟಿಕೊಂಡು ಬಂದರು.

ಆಮೇಲೆ ಹೊಲಿಗೆ ಯಂತ್ರದ ಚರ್ಮದ ದಾರ ಹಾಕಿ ನೋಡಿದರು, ಜಾರಿತು. ರಾಳ ಹಾಕಿದರು, ಹರಿಯಿತು. ಸೈಕಲ್ ಟ್ಯೂಬು ಕತ್ತರಿಸಿ ಹಾಕಿದರು, ಅದು ಹಿಗ್ಗಿ ಹಿಗ್ಗಿ ಕೊನೆಗೆ ನನ್ನ ಮೂಗಿನ ಹತ್ತಿರದಿಂದ ಹಾರಿ ಹಿತ್ತಲ ಗೋಡೆಯ ಆಚೆ ಬಿತ್ತು. ಮಂಚದ ನವಾರ ಪಟ್ಟಿ ಹಾಕಿದಾಗ ಯಂತ್ರ ನಿಂತಲ್ಲಿ ನಿಲ್ಲದೆ ಬಚ್ಚಲಿನಿಂದ ಅಡುಗೆಮನೆಯ ಬಾಗಿಲ ತನಕ ನಡೆದುಬಂತು. ಶನಿವಾರ ಬಂದಿದ್ದ ನನ್ನ ಗಂಡ ಸ್ನಾನಕ್ಕೆ ಹೋಗಿ ಬರುವುದರೊಳಗೆ ಅವರ ಪ್ಯಾಂಟಿನ ಬೆಲ್ಟು ಯಂತ್ರದೊಳಗೆ ಸೇರಿತ್ತು. ಅದು ಸ್ವಲ್ಪ ಹೊತ್ತು ತಿರುಗಿತು ಸಹ. ಹಿತ್ತಾಳೆಯ ಬಕಲು ತಗಡಿಗೆ ಬಡಿದು ಕಿಡಿ ಬಂದದ್ದನ್ನು ನೋಡಿ ನಾನೇ ನಿಲ್ಲಿಸಿದೆ. ಸೋಮವಾರ ಬೆಳಿಗ್ಗೆ ನನ್ನ ಗಂಡ ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಪ್ಯಾಂಟು ಹಿಡಿದುಕೊಂಡು ರಾಮದುರ್ಗದ ಬಸ್ಸು ಹತ್ತಿದರು.

ನನಗೆ ಸಿಟ್ಟು ಬಂದಿತ್ತು. ಹೆಂಗಸರು ಆಗಲೇ ಟೆಂಪೋದವನನ್ನು ಗೊತ್ತುಮಾಡುವ ಮಾತಾಡುತ್ತಿದ್ದರು. ಕಾಕಾ ಒಗೆಯುವ ಕಲ್ಲಿನ ಮೇಲೆ ಸುಮ್ಮನೆ ಕುಳಿತಿದ್ದರು. ಆಗ ಕೊಡ ಹೊತ್ತು ಬಂದ ಮಹಾದೇವಿ, ಏನೋ ಅಡುಗೆಯ ಮಾತಾಡಿದಷ್ಟು ಸಹಜವಾಗಿ, "ಮಾವಾರ, ಗೂಟಕ್ಕ ತೂಗಬಿದ್ದದ್ದು ಮತ್ತ ಏನದು?" ಅಂದಳು.

ಅದು ಕಾಕಾನಿಗೆ ಹೊಳೆದಿರಲಿಲ್ಲವೆಂದಲ್ಲ. ಹೊಳೆಯದಿರಲೆಂದೇ ಅವರು ಕಿತ್ತೂರಿಗೆ ಹೋಗಿದ್ದರು, ನನ್ನ ಗಂಡನ ಪ್ಯಾಂಟಿಗೆ ಕೈ ಹಾಕಿದ್ದರು. ಎದ್ದು ಮನೆಗೆ ಹೋದರು. ಬಂದಾಗ ಹೆಗಲ ಮೇಲೆ ಗಿರಣಿಯ ಪಟ್ಟಾ ಇತ್ತು. ಒಂದು ತುದಿ ನನಗೆ ಹಿಡಿಯಲು ಹೇಳಿದರು. ಅದರಲ್ಲಿ ಇನ್ನೂ ಜೋಳದ ಹಿಟ್ಟಿನ ವಾಸನೆ ಇತ್ತು. ಕತ್ತರಿ ಇಡುವಾಗ ಅವರು ಬೇರೆ ಕಡೆ ಮುಖ ತಿರುಗಿಸಿದರು. ಬೆರಳಗಲದ ಒಂದು ಎಳೆಯನ್ನು ಸೀಳಿ ತೆಗೆದು, ತುದಿಗಳನ್ನು ಹಲ್ಲುಗಳಿರುವ ಕಬ್ಬಿಣದ ಕ್ಲಿಪ್ಪಿನಿಂದ ಬೆಸೆದರು. ಅಳತೆ ತಪ್ಪಿ ಎಳೆ ಬಹಳ ಉದ್ದವಾಗಿತ್ತು. ಸ್ವಲ್ಪ ಕತ್ತರಿಸಿಬಿಡಿ ಕಾಕಾ ಎಂದೆ. ಒಂದೇ ದಿನ ಎರಡು ಸಲ ಕತ್ತರಿಸುವುದು ನನ್ನಿಂದಾಗದು ಎಂದರು. ಕತ್ತರಿಸುವ ಬದಲು ಅದನ್ನು ನಡುವೆ ಒಂದು ಸಲ ತಿರುಚಿ, ಎಂಟರ ಅಂಕೆಯ ಹಾಗೆ ಅಡ್ಡಹಾಯಿಸಿ ಹಾಕಿದರು. ಗಿರಣಿಯಲ್ಲಿ ಹಾಗೆ ಹಾಕುವ ರೂಢಿಯಿದೆ. ಉದ್ದವೂ ಸರಿಹೋಗುತ್ತದೆ, ಹಿಡಿತವೂ ಹೆಚ್ಚು.

ಬಟನ್ ಒತ್ತಿದೆ. ಯಂತ್ರ ತಿರುಗಿತು. ಬೆಸುಗೆಯ ಕ್ಲಿಪ್ಪು ಗಾಲಿಯ ಮೇಲೆ ಬಂದಾಗೊಮ್ಮೆ ಟಕ್ ಎನ್ನತೊಡಗಿತು. ಟಕ್, ಟಕ್, ಟಕ್. ಕಾಕಾ ಕಣ್ಣು ಮುಚ್ಚಿ ನಿಂತರು. ಆ ಸದ್ದು ನನಗೆ ಹೊಸದು, ಓಣಿಗೆ ಹೊಸದಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಮುದುಕಿಯರು ಜೋಳದ ಬುಟ್ಟಿ ಹೊತ್ತುಕೊಂಡು ಸಾಲಾಗಿ ನಿಂತಿದ್ದರು. ಗಿರಣಿ ಮತ್ತೆ ಸುರುವಾಯಿತೆಂದು ಬಂದಿದ್ದರು. ಅಲ್ಲ ಎಂದು ನಾನು ಒಬ್ಬೊಬ್ಬರಿಗೂ ತಿಳಿಹೇಳುವುದರೊಳಗೆ, ಕಣ್ಣು ಮಂದವಾಗಿದ್ದ ದ್ಯಾಮವ್ವ ಬುಟ್ಟಿಯ ಜೋಳವನ್ನೆಲ್ಲ ಸಾಬೂನು ನೀರಿನ ಹಂಡೆಗೆ ಸುರಿದು, ಸಣ್ಣಗೆ ಬೀಸು ಎಂದು ಹೇಳಿ ಕಟ್ಟೆಯ ಮೇಲೆ ಕುಳಿತಳು. ಕಾಕಾ ಅದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ತೊಳೆದ ಜೋಳ, ರೊಟ್ಟಿ ಬೆಳ್ಳಗಾಗುತ್ತವೆ ಎಂದು ಸಮಾಧಾನ ಹೇಳಿ ಕಳಿಸಿದರು. ರೊಟ್ಟಿ ಬೆಳ್ಳಗಾದವು, ನೊರೆಯೂ ಬಂತು ಎಂದು ಮರುದಿನ ಬೈಗುಳ ಬಂತು.

ಜೋಳ ಬಳಿದು ತೆಗೆದು ಕೌದಿ ಹಾಕಿದೆವು. ಕೌದಿ ಚೆನ್ನಾಗಿಯೇ ಕುಲುಕಾಡಿತು. ತೊಂದರೆ ಬಂದದ್ದು ಹಿಂಡುವಾಗ. ಪಟ್ಟಾ ಅಡ್ಡಹಾಯ್ದದ್ದರಿಂದ ಉರುಳೆಗಳು ಉಲ್ಟಾ ತಿರುಗುತ್ತಿದ್ದವು. ಮಹಾದೇವಿ ಕೌದಿಯ ತುದಿ ಕೊಟ್ಟರೆ ಒಳಗೆ ಎಳೆದುಕೊಳ್ಳದೆ ಅವಳ ಮುಖಕ್ಕೇ ಉಗುಳಿದವು. ಬಾಗಿಲಲ್ಲಿ ನಿಂತಿದ್ದ ಈರಣ್ಣ, ಆಯಿತಲ್ಲ, ಉಲ್ಟಾ ಎಂದ. ಕಾಕಾ ಯಂತ್ರವನ್ನು ಒಂದು ಸುತ್ತು ಹಾಕಿ ಬಂದರು.

"ಮಿಷನ್ ಸರಿ ತಿರಗಾಕ ಹತ್ತೇತಿ," ಅಂದರು. "ನೀವು ಉಲ್ಟಾ ನಿಂತೀರಿ. ಈ ಕಡೆ ಬರ್ರಿ."

ಆಚೆ ಹೋಗಿ ನಿಂತೆವು. ಅಲ್ಲಿಂದ ಕೊಟ್ಟರೆ ಉರುಳೆಗಳು ಕೌದಿಯನ್ನು ಎಳೆದುಕೊಂಡು ಬಹಳ ಚೆನ್ನಾಗಿ ಹಿಂಡಿ, ತಿರುಗಿ ಹಂಡೆಯ ನೀರಿಗೇ ಹಾಕಿದವು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೆ ಹಂಡೆಯ ಬಾಯಿಗೆ ಹಿಟ್ಟು ನಾದುವ ದೊಡ್ಡ ಪರಾತವನ್ನು ಅಡ್ಡ ಹಿಡಿಯಲು ಒಬ್ಬರು, ಒದ್ದೆ ಕೌದಿಯನ್ನು ಹೊತ್ತು ಆಚೆ ಒಯ್ಯಲು ಇಬ್ಬರು, ಉರುಳೆಗೆ ಕೊಡಲು ಒಬ್ಬರು ಎಂದು ಹಂಚಿಕೊಂಡೆವು. ಹೊಳೆಗೆ ಹೋದರೆ ಇದಕ್ಕಿಂತ ಸುಖವಿತ್ತು. ಆದರೆ ಹೊಳೆಯಲ್ಲಿ ಇಷ್ಟು ನಗೆ ಇರುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಓಣಿಯ ಗೋಡೆಗಳ ಮೇಲೆಲ್ಲ ಕೌದಿಗಳು ಹರಡಿದ್ದವು.

ಗೆದ್ದದ್ದು ಯಾರು ಎಂಬ ಪ್ರಶ್ನೆ ಬಂತು. ಉಲ್ಟಾ ತಿರುಗಿದ್ದು ತಿರುಗಿದ ಲೆಕ್ಕಕ್ಕಿಲ್ಲ ಎಂದ ಈರಣ್ಣ. ಸಾಕ್ಷಿಯಾದ ನಾನು ಬಾಯಿ ತೆರೆಯುವ ಮೊದಲೇ, ಮೈಯೆಲ್ಲ ತೊಯ್ದಿದ್ದ ಮಹಾದೇವಿ ಸೊಂಟದಿಂದ ಕೀಲಿಕೈ ಕಿತ್ತು ಮಾವನ ಕೈಯಲ್ಲಿಟ್ಟಳು. ಕೌದಿ ತೊಳೆದದ್ದು ನಾವು, ತೀರ್ಪು ನಮ್ಮದು ಎಂದಳು. ಕಾಕಾ ಅದನ್ನು ಕೊರಳಲ್ಲಿ ಲಿಂಗ ಕಟ್ಟಿದ ಶಿವದಾರಕ್ಕೆ ಕಟ್ಟಿಕೊಂಡರು. ಆ ಒಂದು ವಾರ ಅವರು ಓಣಿಯಲ್ಲಿ ಅಂಗಿಯ ಮೇಲಿನ ಗುಂಡಿ ಹಾಕದೆ ತಿರುಗಾಡಿದರು, ಕೀಲಿಕೈ ಎಲ್ಲರಿಗೂ ಕಾಣಲೆಂದು.

ಇಲ್ಲಿಗೆ ಬಿಟ್ಟಿದ್ದರೆ ಅವರು ಗಿರಣಿ ಕಾಕಾ ಆಗುತ್ತಿರಲಿಲ್ಲ. ಖಂಡೇನವಮಿಯ ಹಿಂದಿನ ದಿನ ಪಾನಾ ಹಿಡಿದು ನಗುತ್ತ ಬಂದರು. ಅಕ್ಕೋರು ಬಟ್ಟೆ ಹೊತ್ತು ಸುತ್ತು ಹಾಕುವುದು ನೋಡಲಾಗದು, ಪಟ್ಟಾ ನೆಟ್ಟಗೆ ಮಾಡಿಕೊಡುತ್ತೇನೆ ಎಂದರು. ನಾನು ಕೈ ಮುಗಿದೆ, ನಡೆದದ್ದು ನಡೆಯಲಿ ಬಿಡಿ ಎಂದೆ. ಕೇಳಲಿಲ್ಲ. ಈ ಸಲ ಗಟ್ಟಿ ಮನಸ್ಸು ಮಾಡಿ ಕತ್ತರಿಸಿದರು, ಮತ್ತು ಬೇಕಾದ್ದಕ್ಕಿಂತ ಹೆಚ್ಚು ಕತ್ತರಿಸಿದರು. ಎಳೆದು ಎಳೆದು ಹೇಗೋ ಹಾಕಿದ ಪಟ್ಟಾ ಎಷ್ಟು ಬಿಗಿಯಾಯಿತೆಂದರೆ, ಬಟನ್ ಒತ್ತಿದರೆ ಮೋಟರು ಗುಂಯ್ ಎಂದಿತೇ ಹೊರತು ಅಲುಗಲಿಲ್ಲ. ರಾಳ ಹಾಕಿದರು. ಔಡಲೆಣ್ಣೆ ಹಾಕಿದರು. ಸುಟ್ಟ ವಾಸನೆ ಬಂದಾಗ ನಾನು ಬಟನ್ ಆರಿಸಿದೆ.

ಕಾಕಾ ಬೂತಿಗೆ ಹೋಗಿ, ಶಿವದಾರದಿಂದ ಕೀಲಿಕೈ ಬಿಚ್ಚಿ, ಫೋನಿನ ಪಕ್ಕದಲ್ಲಿ ಇಟ್ಟು, ನಿಂತಿತು ಎಂದಷ್ಟೇ ಹೇಳಿ ಮನೆಗೆ ಹೋದರಂತೆ. ಗಿರಾಕಿಗಳಿದ್ದಾರೆ, ನಾಳೆ ನೋಡೋಣ ಎಂದನಂತೆ ಈರಣ್ಣ. ನನಗೆ ಆ ದಿನ ಊಟ ಸೇರಲಿಲ್ಲ. ನಾಳೆ ಬೆಳಗಾದರೆ ಈ ಮನುಷ್ಯ ಫೋನಿಗೆ ವಿಭೂತಿ ಹಚ್ಚಿ ಕೂಡುತ್ತಾನಲ್ಲ ಎಂದು ಸಂಕಟವಾಯಿತು. ಅವರ ಮೇಲೆ ಸಿಟ್ಟೂ ಬಂತು. ತಿರುಗುತ್ತಿದ್ದದ್ದನ್ನು ಮುಟ್ಟಿದ್ದಾದರೂ ಯಾಕೆ?

ಮರುದಿನ ನಾನು ಅಂಗಳಕ್ಕೆ ನೀರು ಹಾಕುತ್ತಿ­ರುವಾಗ ಹಿತ್ತಲ ಕಡೆಯಿಂದ ಈರಣ್ಣ ಬಂದ. ಕೈಚೀಲದಲ್ಲಿ ಪಟ್ಟಾದ ಒಂದು ತುಣುಕು, ಎರಡು ಕ್ಲಿಪ್ಪು. ನೇರ ಹೋಗಿ ಯಂತ್ರದ ಕೆಳಗೆ ಕುಳಿತ. ಅವನು ಪಟ್ಟಾ ಬಿಚ್ಚಿದ ರೀತಿ, ತುಣುಕನ್ನು ಉಗುರಿನಿಂದ ಅಳೆದ ರೀತಿ, ಕ್ಲಿಪ್ಪಿನ ಹಲ್ಲನ್ನು ಹಾತೋಡಿಯಿಂದ ಮೆಲ್ಲಗೆ ಬಡಿದು ಮಡಚಿದ ರೀತಿ ನೋಡಿದಾಗ ನನಗೆ ನೆನಪಾಯಿತು, ಇವನೂ ಆ ಗಿರಣಿಯಲ್ಲೇ ಬೆಳೆದವನೆಂದು. ತುಣುಕು ಕೂಡಿಸಿ ಪಟ್ಟಾ ನೆಟ್ಟಗೆ ಹಾಕಿದ. ಯಂತ್ರ ತಿರುಗಿತು, ಉರುಳೆಗಳು ಸಹ ಸರಿಯಾದ ಕಡೆಗೇ ತಿರುಗಿದವು. ಕೈ ಒರೆಸಿಕೊಳ್ಳುತ್ತ ನನ್ನ ಕಡೆ ನೋಡದೆ ಹೇಳಿದ: "ಅಪ್ಪಗ ಹೇಳಬ್ಯಾಡ್ರಿ ಅಕ್ಕೋರ. ಅಂವಾ ಮಾಡಿದ್ದ ಅಂತನ ಇರ್ಲಿ."

ಮನೆಗೆ ಹೋಗಿ ಅಪ್ಪನನ್ನು ಎಬ್ಬಿಸಿ, ಎಲ್ಲಿ ನಿಂತಿದೆ, ಅಕ್ಕೋರ ಮನೆಯಲ್ಲಿ ತಿರುಗುತ್ತಿದೆ ನೋಡು, ನಿನ್ನೆ ಕರೆಂಟು ಕಡಿಮೆ ಬಂದಿರಬೇಕು ಎಂದು ಬೈದು, ಕೀಲಿಕೈ ತಿರುಗಿ ಕೊಟ್ಟ.

ಕಾಕಾ ಸ್ನಾನ ಮಾಡಿ ನಮ್ಮ ಮನೆಗೆ ಬಂದರು. ನಾನು ಬೇಕೆಂದೇ ಯಂತ್ರವನ್ನು ಓಡಿಸಿಟ್ಟಿದ್ದೆ. ಅವರು ಹಿತ್ತಲ ಬಾಗಿಲಿಗೆ ಬಂದು ಅಲ್ಲೇ ನಿಂತುಬಿಟ್ಟರು. ಒಳಗೆ ಬರಲಿಲ್ಲ, ಬಗ್ಗಿ ನೋಡಲಿಲ್ಲ. ತಲೆ ಒಂದು ಕಡೆ ವಾಲಿಸಿ ಕೇಳಿದರು. ಯಂತ್ರ ಈಗ ಟಕ್ ಟಕ್, ಟಕ್ ಟಕ್ ಎನ್ನುತ್ತಿತ್ತು. ಒಂದು ಬೆಸುಗೆ ಇದ್ದದ್ದು ಎರಡಾಗಿತ್ತು. ಅದು ನನಗೆ ಗಮನಕ್ಕೇ ಬಂದಿರಲಿಲ್ಲ.

"ಕರೆಂಟ ಕಡಿಮಿ ಬಂದಿತ್ತಂತ," ಅಂದರು.

"ಹೂನ್ರಿ ಕಾಕಾ," ಅಂದೆ.

ಇನ್ನೂ ಸ್ವಲ್ಪ ಹೊತ್ತು ಕೇಳಿದರು. "ಕೈ ಮರತಿಲ್ಲ ನೋಡ್ರಿ ನನ್ನ ಮಗಾ," ಅಂದರು. ಆಮೇಲೆ, "ನನಗ ತಿಳದೇತಿ ಅಂತ ಅವಂಗ ಹೇಳಬ್ಯಾಡ್ರಿ. ಪಾಪ, ಸುಳ್ಳ ಹೇಳಾಕ ಬರೂದಿಲ್ಲ ಅವಂಗ, ಕಷ್ಟಪಟ್ಟ ಹೇಳ್ಯಾನ."

ಅಂದು ಬೂತಿನಲ್ಲೇ ಪೆಟ್ಟಿಗೆ ತೆರೆದು ಪಾನಾ, ಹಾತೋಡಿ, ಎಲ್ಲವನ್ನೂ ಚೆಂಡುಹೂವಿನ ನಡುವೆ ಜೋಡಿಸಿ ಕಾಕಾ ಪೂಜೆ ಮಾಡಿದರು. ಅಲ್ಲಿಯ ಫೋನನ್ನೂ ತಾವೇ ಎತ್ತಿ ಸಾಲಿನಲ್ಲಿಟ್ಟರು. ಅದಕ್ಕೆ ವಿಭೂತಿ ಹಚ್ಚುವಾಗ ಯಾರದೋ ಕರೆ ಬಂತು; ಹಲೋ ಅನ್ನದೆ, ಪೂಜೆ ನಡೆದಿದೆ, ಆಮೇಲೆ ಮಾಡಿ ಎಂದು ಇಟ್ಟುಬಿಟ್ಟರು.

ಆಮೇಲೆ ನಮಗೆ ವರ್ಗವಾಯಿತು. ಯಂತ್ರವನ್ನು ಅವರ ಮನೆಯಲ್ಲೇ ಬಿಟ್ಟು ಬಂದೆವು. ಕಾಕಾ ಅದನ್ನು ಬಹಳ ವರ್ಷ ರಿಪೇರಿ ಮಾಡಿದರು, ಅದು ಬಹಳ ವರ್ಷ ಕೆಟ್ಟಿತು. ಓಣಿಯಲ್ಲಿ ಮಾತು ಹೊಟ್ಟೆಯಲ್ಲಿ ನಿಲ್ಲದ ಹೆಂಗಸು ಎಂದು ಹೆಸರು ತೆಗೆದುಕೊಂಡಿದ್ದ ನಾನು, ಅಪ್ಪನ ಮಾತನ್ನು ಮಗನಿಗೆ ಹೇಳದೆ, ಮಗನ ಮಾತನ್ನು ಅಪ್ಪನಿಗೆ ಹೇಳದೆ ಉಳಿದೆ. ನನ್ನ ಗಂಡನಿಗೂ ಹೇಳಲಿಲ್ಲ, ಅದೇ ದೊಡ್ಡದು.

ಫೋನು ಬಂದ ಮೂರನೆಯ ದಿನ ಬೈಲಹೊಂಗಲಕ್ಕೆ ಹೋದೆ. ಬೂತಿನ ಜಾಗದಲ್ಲಿ ಈಗ ಮೊಬೈಲಿನ ಅಂಗಡಿ. ಈರಣ್ಣನ ತಲೆಯೂ ಬೆಳ್ಳಗಾಗಿದೆ. ಬಂದವರೆಲ್ಲ ಎದ್ದುಹೋದ ಮೇಲೆ, ಮಹಾದೇವಿ ಒಳಗೆ ಹೋದದ್ದನ್ನು ನೋಡಿಕೊಂಡು, ಅವನು ನನ್ನ ಹತ್ತಿರ ಬಂದು ಕುಳಿತ.

"ಅಕ್ಕೋರ, ಆ ಪಟ್ಟಾದ್ದು... ಅಪ್ಪಗ ಕಡೀತನಕ ತಿಳೀಲಿಲ್ಲ, ಹೌದಲ್ರಿ?"

ನನಗೆ ಬಾಯಿಯ ತನಕ ಬಂದಿತ್ತು. ನಿನ್ನ ಕೈಯ ಬೆಸುಗೆಯನ್ನು ಆತ ಬಾಗಿಲಲ್ಲೇ ನಿಂತು ಗುರುತು ಹಿಡಿದ, ಅವತ್ತಿನಷ್ಟು ಖುಷಿ ಆ ಮನುಷ್ಯನ ಮುಖದಲ್ಲಿ ನಾನು ಇನ್ನೊಂದು ದಿನ ನೋಡಲಿಲ್ಲ ಎಂದು ಹೇಳಿಬಿಡಬೇಕೆನಿಸಿತು. ಈರಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ಅಪ್ಪನಿಗಾಗಿ ತಾನು ಮಾಡಿದ ಇದೊಂದು ಕೆಲಸ ಇಷ್ಟು ವರ್ಷ ಕೆಡದೆ ಉಳಿದಿದೆಯೇ ಎಂದು ಅವನಿಗೆ ತಿಳಿಯಬೇಕಾಗಿತ್ತು.

"ಇಲ್ಲಪಾ," ಅಂದೆ. "ಏನೂ ತಿಳೀಲಿಲ್ಲ."

ಅವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತ. ಮೂರು ದಿನದಿಂದ ಅವನು ಅತ್ತಿರಲೇ ಇಲ್ಲವೆಂದು ಮಹಾದೇವಿ ಆಮೇಲೆ ಹೇಳಿದಳು.